ಬೇರಿಯಂ ಗೆರೆಯ ಜಗಳ

"ಈ ಬೇರಿಯಂ ಲೆಕ್ಕ ತಪ್ಪು!"

ತುಂಬಿದ ಸಭಾಂಗಣದ ಹಿಂದಿನ ಸಾಲಿನಿಂದ ಬಂದ ಮಾತು ಕೇಳಿ, ವೇದಿಕೆಯಲ್ಲಿ ತನ್ನ ಸಂಶೋಧನೆ ಮಂಡಿಸುತ್ತಿದ್ದ ಅವಳ ನಾಲಿಗೆ ಅಲ್ಲೇ ನಿಂತಿತು.

ಮೂರು ವರ್ಷ! ಒಂದೇ ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಹರಡಿ, ಅದರಲ್ಲಿನ ಕಪ್ಪು ಗೆರೆಗಳನ್ನು ಒಂದೊಂದಾಗಿ ಅಳೆದಿದ್ದಳು. ಪ್ರತಿ ಧಾತುವಿಗೂ ಅದರದೇ ಗೆರೆಗಳು. ಗೆರೆ ಗಾಢವಾದಷ್ಟೂ ಆ ಧಾತು ಹೆಚ್ಚು. ಈ ನಕ್ಷತ್ರದಲ್ಲಿ ಬೇರಿಯಂ ಸೂರ್ಯನಲ್ಲಿರುವುದಕ್ಕಿಂತ ಹತ್ತು ಪಟ್ಟು ಇತ್ತು. ಅದನ್ನು ಮೊದಲು ಕಂಡವಳೇ ಅವಳು.

"ತಪ್ಪು ಅನ್ನೋಕೆ ನೀವ್ಯಾರು?"

"ಉಪಕರಣದ ಇಂಜಿನಿಯರ್. ಹೋದ ವಾರ ಸೇರ್ಕೊಂಡೆ. ಬೆಳಕನ್ನ ಹರಡೋ ರೋಹಿತಮಾಪಕದ ಪೆಟ್ಟಿಗೆಯೊಳಗೆ ಬೇಡದ ಬೆಳಕು ಸೋರ್ತಿದೆ ಮೇಡಂ. ಅದು ಗೆರೆನ ತೆಳು ಮಾಡುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು.

'ಹೋದ ವಾರ ಬಂದವನಿಗೆ ಇಷ್ಟು ಕೊಬ್ಬಾ?'

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. "ಅವನು ಹೇಳಿದ್ದು ಸರಿ ಇದ್ರೆ ಏನೇ ಮಾಡ್ತೀಯ?"

"ಸರಿ ಇರಬಹುದು ಅಂತಾನೇ ಕಣೇ ಕೋಪ!"

ಮಾರನೆಯ ದಿನ ಅವಳೇ ಅವನ ಕಾರ್ಯಾಗಾರಕ್ಕೆ ಹೋದಳು. ಅವನು ಪೆಟ್ಟಿಗೆ ಬಿಚ್ಚಿ ಸಂದುಗಳಿಗೆಲ್ಲ ಕಪ್ಪು ಪಟ್ಟಿ ಹಚ್ಚಿದ. ತಿಂಗಳಿಡೀ ಇಬ್ಬರೂ ಹೊಸದಾಗಿ ಅಳೆದರು, ಪ್ರತಿ ಗೆರೆಗೂ ಕಿತ್ತಾಡಿದರು. ಕೊನೆಗೆ ಅವನು ಪರದೆಯತ್ತ ಬಾಗಿ ತಲೆ ಕೆರೆದುಕೊಂಡ.

"ಹತ್ತಲ್ಲ... ಹದಿನಾಲ್ಕು ಪಟ್ಟು! ನಿಮ್ಮ ಕಣ್ಣು ಸರಿಯಾಗೇ ಇತ್ತು ಮೇಡಂ. ಕೈಕೊಟ್ಟಿದ್ದು ಪೆಟ್ಟಿಗೆ."

ಅವನ ಮುಖದಲ್ಲಿ ತನಗಿಂತ ಹೆಚ್ಚು ಖುಷಿ ಕಂಡು ಅವಳ ಎದೆ ಝಲ್ಲೆಂದಿತು.

ಆದರೆ ಆ ಖುಷಿ ಎರಡೇ ವಾರ!

ಮುದ್ರಣಯಂತ್ರದ ಮೇಲೆ ಪ್ರಬಂಧದ ಪ್ರತಿ ಬಿದ್ದಿತ್ತು. ಮೊದಲ ಹೆಸರು ಸಂಸ್ಥೆಯ ನಿರ್ದೇಶಕರದು. ಎರಡನೆಯದು ಇಂಜಿನಿಯರ್‌ದು. ಅವಳದು? ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ: 'ಅಳತೆಯಲ್ಲಿ ನೆರವಾದವರಿಗೆ ಧನ್ಯವಾದ.'

ನೆರವು! ಅವಳ ಮೈ ಉರಿದುಹೋಯಿತು. ಕಾಗದ ಹಿಡಿದು ಕಾರ್ಯಾಗಾರಕ್ಕೆ ನುಗ್ಗಿದಳು.

"ಇದಕ್ಕೇನಾ ನನ್ನ ಜೊತೆ ತಿಂಗಳು ಕೂತಿದ್ದು?"

"ಮೇಡಂ, ಒಂದ್ನಿಮಿಷ..."

"ಬೇಡ! ನಿಮ್ಮ ದನಿ ಕೇಳೋಕೂ ಇಷ್ಟವಿಲ್ಲ!"

ಕಣ್ಣೀರು ಒರೆಸಿಕೊಂಡು, ತನ್ನ ಏಳೂ ಅಳತೆ ಪುಸ್ತಕಗಳನ್ನು ಹೊತ್ತು ನೇರ ನಿರ್ದೇಶಕರ ಕೋಣೆಗೆ ಹೋದಳು. ಅವರು ಕನ್ನಡಕ ತೆಗೆದಿಟ್ಟು ನಿಟ್ಟುಸಿರಿಟ್ಟರು.

"ಈಗ ನಿನ್ನ ಸರದೀನಾ? ಬೆಳಿಗ್ಗೆ ಆ ಇಂಜಿನಿಯರ್ ಬಂದು ತನ್ನ ಹೆಸರು ಹೊಡೆದುಹಾಕಿ ಹೋದ. ಇದು ನಿನ್ನ ಕೆಲಸ ಅಂತ ಪತ್ರಿಕೆಯ ಸಂಪಾದಕರಿಗೂ ಬರೆದಿದ್ದಾನೆ. ನಿಂಗಿನ್ನೂ ಚಿಕ್ಕ ವಯಸ್ಸಮ್ಮ, ಮುಂದೆ ಬೇಕಾದಷ್ಟು..."

'ಅಯ್ಯೋ... ಅವನನ್ನು ಮಾತಾಡಲೂ ಬಿಡಲಿಲ್ಲವಲ್ಲ!'

ಆದರೂ ಪುಸ್ತಕಗಳನ್ನು ಮೇಜಿನ ಮೇಲೆ ಧಡ್ಡನೆ ಇಟ್ಟಳು.

"ಪ್ರತಿ ಪುಟದಲ್ಲೂ ನನ್ನ ಕೈಬರಹ ಇದೆ ಸರ್, ತಾರೀಖೂ ಇದೆ. ನೀವು ಅಳೆದ ಒಂದೇ ಒಂದು ಗೆರೆ ತೋರ್ಸಿ. ನಾನೇ ನಿಮ್ಮ ಹೆಸರು ಮೊದಲು ಬರೀತೀನಿ!"

ನಿರ್ದೇಶಕರು ಒಂದು ಪುಸ್ತಕ ತೆರೆದರು, ಮುಚ್ಚಿದರು. ಮುಖ ಎತ್ತದೆ ಪೆನ್ನು ತೆಗೆದುಕೊಂಡು ಅವಳ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದರು.

ಅವಳು ಮರಳಿದಾಗ ಅವನು ತಿರುಪು ಬಿಗಿಯುತ್ತಿದ್ದ. ತಲೆ ಎತ್ತಲಿಲ್ಲ.

"ಹೇಳಬಾರದಿತ್ತಾ?" ಅವಳು ಕೇಳಿದಳು.

"ಹೇಳೋಕೆ ಬಿಟ್ರಾ?"

"ತಪ್ಪಾಯ್ತು... ಆದ್ರೂ ನಂಗಿನ್ನೂ ಕೋಪ ಇದೆ."

"ಈಗ ಯಾರ ಮೇಲೆ?"

"ನಿಮ್ಮ ಮೇಲೇ! ಯಾರನ್ನ ಕೇಳಿ ಹೆಸರು ಹೊಡೆದುಹಾಕಿದ್ರಿ? ಅದು ನನ್ನ ಹೆಸರಿನ ಪಕ್ಕದಲ್ಲೇ ಇರ್ಬೇಕು."

ಅವನು ಮೆಲ್ಲಗೆ ಎದ್ದು ನಿಂತ.

"ಪ್ರಬಂಧದಲ್ಲಿ ಮಾತ್ರನಾ?"

ಅವಳ ಕಣ್ಣು ತುಂಬಿ ಬಂತು.

"ಅದನ್ನ ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?"