ಮಹಾರಾಯನ ಮೂಗು

"ಇನ್ನೆರಡೇ ಸುತ್ತು ಮಹಾರಾಯ, ಆಮೇಲೆ ನಿಂಗೆ ಕ್ಯಾರೆಟ್! ನಡಿಯಪ್ಪಾ, ನಂಗೆ ಸ್ಕೂಲಿಗೆ ಟೈಮಾಯ್ತು."

ಮಹಾರಾಯ ಅಂದರೆ ಕುದುರೆ. ಕಾಗದಪತ್ರದಲ್ಲಿ ಅವನಿಗೆ ಮಾರುದ್ದದ ಇನ್ನೊಂದು ಹೆಸರಿತ್ತು. ಆದರೆ ಪೂಸಿ ಹೊಡೆಯದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲವಾದ್ದರಿಂದ ಲಾಯದವರಿಗೆಲ್ಲ ಅವನು ಮಹಾರಾಯ. ಹಗ್ಗ ಹಿಡಿದಿದ್ದವಳು ಪಿಟೀಲು. ಮಾತು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆ ಎಂದು ಅಮ್ಮ ಇಟ್ಟ ಅಡ್ಡಹೆಸರು ಅದು.

ಅಮ್ಮನಿಗೆ ಈ ಲಾಯದಲ್ಲೇ ಕೆಲಸ. ರೇಸ್ ಕುದುರೆಗಳ ಮೈ ತಿಕ್ಕುವುದು, ಮೇವು ಹಾಕುವುದು, ಅವುಗಳ ಮುನಿಸು ಸಹಿಸಿಕೊಳ್ಳುವುದು. ಬೆಳಗಿನ ಓಟ ಮುಗಿಸಿ ಬಂದ ಮಹಾರಾಯನನ್ನು ಅಂಗಳದಲ್ಲಿ ನಿಧಾನವಾಗಿ ನಡೆಸಿ ಮೈ ತಣಿಸುವ ಕೆಲಸ ಮಾತ್ರ ಪಿಟೀಲಿಗೆ ಸೇರಿದ್ದು.

ಮಹಾರಾಯ ತಲೆ ತಗ್ಗಿಸಿದ. ಟಪ್, ಟಪ್. ಪಿಟೀಲಿನ ಬಿಳಿ ಶೂ ಮೇಲೆ ಎರಡು ಕೆಂಪು ಹನಿ ಬಿದ್ದವು.

ಅವಳು ತಲೆಯೆತ್ತಿ ನೋಡಿದಳು. ಕುದುರೆಯ ಮೂಗಿನಿಂದ ದಾರದಷ್ಟು ಸಣ್ಣಗೆ ರಕ್ತ ಇಳಿಯುತ್ತಿತ್ತು. ಅಮ್ಮನನ್ನು ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಭಾನುವಾರ ರೇಸ್ ಇತ್ತು. ನೋಡಲು ಬನ್ನಿ ಎಂದು ಕ್ಲಾಸಿನ ಹನ್ನೊಂದು ಜನರನ್ನು ಕರೆದಿದ್ದಳು. "ನಮ್ಮ ಮಹಾರಾಯ ಫಸ್ಟ್ ಬರ್ದಿದ್ರೆ ನನ್ನ ಹೆಸರು ಬದಲಾಯಿಸಿ" ಎಂದು ಬೇರೆ ಜಂಬ ಕೊಚ್ಚಿದ್ದಳು. ಡಾಕ್ಟರು ರಕ್ತ ನೋಡಿದರೆ ಕತೆ ಮುಗಿಯಿತು, ರೇಸೂ ಇಲ್ಲ, ಗೀಸೂ ಇಲ್ಲ. ಅಷ್ಟಕ್ಕೂ ಹೋದ ವಾರ ಆಟದ ಪೀರಿಯಡ್‌ನಲ್ಲಿ ಅವಳ ಮೂಗಿನಿಂದಲೂ ರಕ್ತ ಬಂದಿರಲಿಲ್ಲವೇ? ಹತ್ತೇ ನಿಮಿಷದಲ್ಲಿ ನಿಂತಿತ್ತು.

ಪಿಟೀಲು ತನ್ನ ಬಿಳಿ ಕರವಸ್ತ್ರದಿಂದ ಅವನ ಮೂಗನ್ನು ಒರೆಸಿ, ಅದನ್ನು ಜೇಬಿಗೆ ತುರುಕಿದಳು. ಶೂವನ್ನು ಇನ್ನೊಂದು ಕಾಲಿನ ಸಾಕ್ಸಿಗೆ ಉಜ್ಜಿದಳು.

ಅಮ್ಮ ಬಕೆಟ್ ಹಿಡಿದು ಬಂದು ಕುದುರೆಯ ಗಂಟಲು ಸವರಿದಳು. "ಬಾಯಲ್ಲಿ ಏನೂ ಇಲ್ಲ, ಆದ್ರೂ ಏನೋ ನುಂಗ್ತಾನೇ ಇದೀಯಲ್ಲೋ! ಕೆಮ್ಮಿದ್ನೇನೇ ಪಿಟೀಲು?"

"ಇಲ್ಲಮ್ಮ."

"ಇಷ್ಟು ಚಿಕ್ಕ ಉತ್ತರ? ನಿಂಗೇನಾದ್ರೂ ಜ್ವರಾನಾ?"

ಪಿಟೀಲಿನ ಕಿವಿ ಬಿಸಿಯಾಯಿತು. ಹೇಳಿದ್ದು ಸುಳ್ಳಲ್ಲ, ಅವನು ಕೆಮ್ಮಿರಲಿಲ್ಲ. ಆದರೂ ಜೇಬಿನ ಕರವಸ್ತ್ರ ಚುಚ್ಚಿದಂತಾಯಿತು.

ಬ್ಯಾಗ್ ಹೆಗಲಿಗೇರಿಸಿ ಮಹಾರಾಯನ ಹತ್ತಿರ ಬಂದಳು. "ಭಾನುವಾರ ಓಡ್ತೀಯ ತಾನೇ?" ಎಂದು ಪಿಸುಗುಟ್ಟಿದಳು.

ಮಹಾರಾಯ ಕಿವಿ ನಿಮಿರಿಸಿದ. ಗೊರಸಿನಿಂದ ನೆಲ ಕೆರೆದ. ಈಗಲೇ ಬೇಕಾದರೂ ಹೊರಟೆ ಎನ್ನುವಂತೆ ನಿಂತ. ಮತ್ತೆ ಏನನ್ನೋ ನುಂಗಿದ.

ಓಡು ಅಂದರೆ ಇವನು ಓಡಿಯೇಬಿಡುತ್ತಾನೆ. ನನಗಾಗದು ಎನ್ನಲು ಅವನಿಗೆ ಬಾಯಿಲ್ಲ. ದಿನವಿಡೀ ವಟಗುಟ್ಟುವ ಬಾಯಿ ಇರುವುದು ಅವಳಿಗೆ. ಇವತ್ತು ನೋಡಿದರೆ ಅದಕ್ಕೇ ಬೀಗ!

ಪಕ್ಕದ ಲಾಯಕ್ಕೆ ಬಂದಿದ್ದ ಕುದುರೆ ಡಾಕ್ಟರು ಆಗಲೇ ಕಾರು ಹತ್ತುತ್ತಿದ್ದರು. ಪಿಟೀಲು ಬ್ಯಾಗನ್ನು ಅಲ್ಲೇ ಎಸೆದು ಓಟ ಕಿತ್ತಳು.

"ಡಾಕ್ಟ್ರೇ, ನಿಲ್ಲಿ! ಮಹಾರಾಯನಿಗೆ ರಕ್ತ ಬಂದಿದೆ! ನಾನೇ ಒರೆಸ್ಬಿಟ್ಟೆ!"

ಡಾಕ್ಟರು ಕರವಸ್ತ್ರ ನೋಡಿದವರೇ ಪೆಟ್ಟಿಗೆ ಹಿಡಿದು ಬಂದರು. ತುದಿಯಲ್ಲಿ ಪುಟ್ಟ ಕ್ಯಾಮೆರಾ ಇದ್ದ ಉದ್ದನೆಯ ಕೊಳವೆಯನ್ನು ಮೂಗಿನೊಳಗೆ ಮೆಲ್ಲನೆ ಇಳಿಸಿದರು. ಸ್ಕ್ರೀನಿನಲ್ಲಿ ಮಹಾರಾಯನ ಉಸಿರಿನ ದಾರಿ ಸುರಂಗದ ಹಾಗೆ ಕಂಡಿತು. ಅದರ ತಳದಲ್ಲಿ ಉದ್ದಕ್ಕೂ ಕೆಂಪು ಗೆರೆ ಇತ್ತು.

"ಮೂಗಿಗೇನೂ ಆಗಿಲ್ಲ ಪುಟ್ಟಿ. ಇದು ಶ್ವಾಸಕೋಶದಿಂದ ಬಂದಿರೋ ರಕ್ತ, ಅವನು ನುಂಗ್ತಿರೋದೂ ಇದನ್ನೇ. ಶಕ್ತಿ ಮೀರಿ ಓಡೋವಾಗ ಅಲ್ಲಿರೋ ಕೂದಲೆಳೆಯಂಥ ರಕ್ತನಾಳಗಳು ಒಡೆದುಹೋಗ್ತವೆ. ರೇಸ್ ಕುದುರೆಗಳಿಗೆ ಹೀಗಾಗೋದು ಹೊಸದೇನಲ್ಲ. ಆದ್ರೆ ಮೂಗಿನ ತನಕ ಬಂತು ಅಂದ್ರೆ ಸುಮ್ನೆ ಬಿಡೋ ಹಾಗಿಲ್ಲ."

"ಮತ್ತೆ ಭಾನುವಾರ?"

"ಈ ತಿಂಗಳು ಪೂರ್ತಿ ರೆಸ್ಟು. ಬರೀ ವಾಕಿಂಗ್."

ಪಿಟೀಲು ಅಮ್ಮನ ಬೈಗುಳಕ್ಕೆ ಕಾದು ನಿಂತಳು. ಅಮ್ಮನ ಕಣ್ಣು ಕರವಸ್ತ್ರದಿಂದ ಅವಳ ಕಾಲಿಗಿಳಿಯಿತು.

"ಸಾಕ್ಸಿಗೂ ಒರೆಸ್ಕೊಂಡಿದೀಯಾ? ಅದನ್ನ ನೀನೇ ಒಗೀಬೇಕು," ಎಂದಳು. ಆಮೇಲೆ ಮಗಳ ತಲೆ ಸವರಿದಳು. "ಇನ್ಮೇಲೆ ದಿನಾ ನಡೆಸಿದ್ಮೇಲೆ ಬಿಳಿ ಬಟ್ಟೇಲಿ ಇವನ ಮೂಗು ಒರೆಸಿ, ತಂದು ನಂಗೆ ತೋರಿಸ್ಬೇಕು. ತಿಳೀತಾ?"

ಭಾನುವಾರ ಆ ಹನ್ನೊಂದು ಜನರಲ್ಲಿ ಏಳು ಜನ ಲಾಯಕ್ಕೆ ಬಂದರು. ಬೇಲಿಯಾಚೆ ಸಾಲಾಗಿ ನಿಂತು, ಪಿಟೀಲಿನ ಜೊತೆ ಮಹಾರಾಯ ಹೆಜ್ಜೆ ಹಾಕುವುದನ್ನು ನೋಡಿದರು.

"ಇದೇನೇ, ಬರೀ ನಡೀತಿದಾನೆ! ಫಸ್ಟ್ ಬರ್ತಾನೆ ಅಂದಿದ್ದೆ?" ಎಂದ ಕನ್ನಡಕ ಹಾಕಿದ್ದ ಒಬ್ಬ ಹುಡುಗ.

"ಹೂಂ ಕಣೋ, ಅಂದಿದ್ದೆ. ಬೇಕಾದ್ರೆ ನನ್ನ ಹೆಸರು ಬದಲಾಯಿಸಿ."

"ತುತ್ತೂರಿ!" "ರೇಡಿಯೋ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಪಿಟೀಲಿಗೂ ನಗು ಬಂತು. ಮಹಾರಾಯ ಮುಂದಕ್ಕೆ ಜಗ್ಗಿದ. "ಇವತ್ತು ಬೇಡ ಕಣೋ" ಎಂದು ಅವನ ಕುತ್ತಿಗೆ ತಟ್ಟಿದಳು.

ಸುತ್ತು ಮುಗಿಯಿತು. ಅವಳು ಒಗೆದ ಕರವಸ್ತ್ರ ತೆಗೆದು ಅವನ ಮೂಗು ಒರೆಸಿದಳು. ಉಸಿರು ಬಿಗಿಹಿಡಿದು ಬಿಡಿಸಿ ನೋಡಿದಳು. ತಿಳಿ ಸಿಂಬಳ. ಎರಡು ಹುಲ್ಲಿನ ಚೂರು.

"ಥೂ, ಗಲೀಜು!" ಕನ್ನಡಕದ ಹುಡುಗ ಮೂಗು ಮುಚ್ಚಿಕೊಂಡ.

"ಹೂಂ," ಎಂದಳು ಪಿಟೀಲು ಮೆಲ್ಲಗೆ. ಮತ್ತೊಮ್ಮೆ ತಿರುಗಿಸಿ ನೋಡಿದಳು. "ಬರೀ ಗಲೀಜು."

ಅದನ್ನು ಜೋಪಾನವಾಗಿ ಮಡಿಸಿಕೊಂಡು, ಅಮ್ಮನಿಗೆ ತೋರಿಸಲು ಓಡಿದಳು.