ಮಧುಮತಿ ಮೇಡಂ ಕೊಟ್ಟ ಫೈಲು

"ಮೇಡಂ, ಬಿ.ಎ. ಫಸ್ಟ್ ಇಯರ್ ಹುಡುಗರೆಲ್ಲಾ ಒಂದ ತಾಯಿ ಹೊಟ್ಟ್ಯಾಗ ಹುಟ್ಟ್ಯಾರೇನ್ರಿ?"

ಲೈಬ್ರರಿ ಕೌಂಟರಿನ ಮೇಲೆ ಪ್ರಬಂಧಗಳ ಕಟ್ಟು ದೊಪ್ಪೆಂದು ಬಿತ್ತು. ಮಧುಮತಿ ತಲೆಯೆತ್ತಿದಳು. ಜಮಖಂಡಿಯ ಆ ಕಾಲೇಜಿಗೆ ಅವಳು ಲೈಬ್ರರಿಯನ್ ಆಗಿ ಬಂದು ವರ್ಷವಾಗಿತ್ತು. ಸಮಾಜಶಾಸ್ತ್ರದ ಕಲ್ಮೇಶ ಸರ್ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಸಿಟ್ಟಿನಲ್ಲೂ ಅವನ ಕಣ್ಣು ಚೆಂದವೇ ಇದ್ದವು, ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಏನಾತ್ರಿ ಸರ್?"

"ಚಿಕ್ಕಪಡಸಲಗಿ ಬ್ಯಾರೇಜ್ ಮ್ಯಾಲ ಬರೀರಿ ಅಂದಿದ್ದೆ. ಎಲ್ಲಾರದೂ ಅದ ಶುರು, ಅದ ಮುಗತಾಯ. ಕೇಳಿದ್ರ, ಲೈಬ್ರರಿ ಮೇಡಂ ಫೈಲ್ ಕೊಟ್ರು ಅಂತಾರ."

ರೈತರೇ ಮುಂದೆ ನಿಂತು ಕೃಷ್ಣೆಗೆ ಅಡ್ಡ ಕಟ್ಟಿಸಿದ ಬ್ಯಾರೇಜು ಅದು. ಹಳೆಯ ಪೇಪರುಗಳನ್ನೆಲ್ಲ ಜಾಲಾಡಿ, ಝೆರಾಕ್ಸ್ ಮಾಡಿಸಿ, ಮಕ್ಕಳಿಗೆ ಕಷ್ಟವಾಗಬಾರದೆಂದು ಅವಳೇ ಫೈಲು ಕಟ್ಟಿದ್ದಳು.

"ಸಹಾಯ ಮಾಡಿದ್ದ ತಪ್ಪೇನ್ರಿ?"

"ಊಟಾ ಬಡಸ್ರಿ ಮೇಡಂ. ತುತ್ತು ಮಾಡಿ ಬಾಯಾಗ ಇಡಬ್ಯಾಡ್ರಿ."

ಮಾತು ಚುಚ್ಚಿತು, ನಿಜವಾಗಿದ್ದರಿಂದ ಇನ್ನೂ ಹೆಚ್ಚು ಚುಚ್ಚಿತು. ಮಧುಮತಿ ಸುಲಭಕ್ಕೆ ಸೋಲೊಪ್ಪುವ ಪೈಕಿಯಲ್ಲ, ಹಾಗಂತ ತನ್ನ ಕೆಲಸ ಅರೆಬರೆಯಾದರೆ ಸುಮ್ಮನಿರುವವಳೂ ಅಲ್ಲ. ಮರುದಿನವೇ ಫೈಲನ್ನು ಕಪಾಟಿನೊಳಗಿಟ್ಟು ಬೀಗ ಜಡಿದು, ಸ್ಟಾಫ್ ರೂಮಿಗೇ ಹೋದಳು.

"ಲೈಬ್ರರಿ ಪಿರಿಯಡ್‌ದಾಗ ನೀವೂ ಬರ್ರಿ ಸರ್. ಪ್ರಶ್ನಿ ಹೆಂಗ ಹಾಕೂದು ನೀವು ಕಲಸ್ರಿ. ಉತ್ತರಾ ಎಲ್ಲಿ ಹುಡುಕೂದು ನಾ ಕಲಸ್ತೇನಿ."

ಅವನು ಬಂದ. ಉದ್ದನೆಯ ಮೇಜಿನ ಆಚೆ ಅವನು, ಈಚೆ ಅವಳು, ನಡುವೆ ಮಕ್ಕಳು. ಒಂದೇ ಸುದ್ದಿಯನ್ನು ಎರಡು ಪೇಪರಿನಲ್ಲಿ ಓದಿ ನೋಡುವುದು, ಪುಸ್ತಕ ಸುಮ್ಮನಾದ ಕಡೆ ಊರ ಹಿರಿಯರನ್ನು ಕೇಳುವುದು, ಎಲ್ಲ ಶುರುವಾಯಿತು. ಒಮ್ಮೆ ಗೆಜೆಟಿಯರಿನ ಮೇಲೆ ಇಬ್ಬರ ಕೈಯೂ ಒಟ್ಟಿಗೆ ಬಿತ್ತು.

"ತಗೋರಿ, ನಿಮ್ಮದ ಪುಸ್ತಕ," ಎಂದ ಕಲ್ಮೇಶ.

"ಮತ್ತ ಬಿಡ್ರಲ್ಲ," ಎಂದಳು ಅವಳು. ಅವನು ಬಿಡಲಿಲ್ಲ. ಹುಡುಗಿಯರು ಮುಸಿಮುಸಿ ನಕ್ಕರು.

ಮಕ್ಕಳು ತಾವು ಹುಡುಕಿದ್ದನ್ನು ಓದಬೇಕಿದ್ದ ಕಾಲೇಜಿನ ಸೆಮಿನಾರಿಗೆ ಇನ್ನೇನು ವಾರವಿದ್ದಾಗ ಕಲ್ಮೇಶ ರ‍್ಯಾಕಿನ ಕಡೆ ನೋಡುತ್ತ ಹೇಳಿದ: "ಬೀಳಗ್ಯಾಗ ನನಗ ಗೌರ್ಮೆಂಟ್ ನೌಕರಿ ಆಗೇತ್ರಿ. ಮುಂದಿನ ತಿಂಗಳು ಹೋಗಬೇಕು."

"ಛಲೋ ಆತು ಬಿಡ್ರಿ."

ಛಲೋ ಏನೂ ಆಗಿರಲಿಲ್ಲ. ಮನೆಯಲ್ಲಿ ಅಪ್ಪ ಮುಧೋಳದ ಗಂಡಿನ ಮಾತು ತೆಗೆದಿದ್ದರು. ಇವನು ಬಾಯಿಬಿಡದೆ ಹೊರಟರೆ ಇಬ್ಬರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತಾನೇ ಕೇಳಬೇಕೆಂದರೆ ಅವಳ ಸ್ವಾಭಿಮಾನ ಅಡ್ಡ ಬರುತ್ತಿತ್ತು.

ಸೆಮಿನಾರಿನ ದಿನ ಅನಗವಾಡಿಯ ರೇಷ್ಮಾ ಎದ್ದು ನಿಂತಳು. ತರಗತಿಯಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದ ಹುಡುಗಿ. ಅಣೆಕಟ್ಟಿನ ಹಿನ್ನೀರು ಬಂದು ತನ್ನೂರಿನ ಮನೆಗಳು ಬೇರೆಡೆ ಹೋದ ಮೇಲೆ ಹೆಣ್ಣುಮಕ್ಕಳು ಹೊಸ ನೆರೆಹೊರೆಯನ್ನು ಹೇಗೆ ಕಟ್ಟಿಕೊಂಡರೆಂದು ಓದಿದಳು.

"ಇದು ಯಾವ ಪುಸ್ತಕದಾಗ ಐತಿ?" ಧಾರವಾಡದಿಂದ ಬಂದ ಅತಿಥಿ ಕೇಳಿದರು.

"ಪುಸ್ತಕದಾಗ ಇಲ್ರಿ ಸರ್. ಮೊದಲ ಎಲ್ಲಾ ಹುಡುಕೇನಿ. ಆಮ್ಯಾಲ ಮನಿಮನಿಗಿ ಹೋಗಿ ಕೇಳೇನಿ."

ಚಪ್ಪಾಳೆಯೋ ಚಪ್ಪಾಳೆ. ಕಲ್ಮೇಶ ಮೈಕು ಹಿಡಿದ. "ಈ ಮಕ್ಕಳಿಗಿ ಹುಡುಕೂದು ಕಲಿಸಿದವರು ನಮ್ಮ ಮಧುಮತಿ ಮೇಡಮ್ಮಾರು. ಅವರ ಜೋಡಿ ಕೆಲಸಾ ಮಾಡೇನಿ ಅಂತ ನಾ ಎಲ್ಲಿ ಹ್ವಾದ್ರೂ ಎದಿ ತಟ್ಟಿ ಹೇಳ್ತೇನಿ."

ಸಭೆಯೆಲ್ಲ ಹಿಂದೆ ತಿರುಗಿ ಅವಳನ್ನು ನೋಡಿತು. ಮಧುಮತಿ ತಲೆ ತಗ್ಗಿಸಲಿಲ್ಲ. ತನ್ನ ಕೆಲಸವನ್ನು ಇಷ್ಟು ದೊಡ್ಡದಾಗಿ ಕಾಣುವವನನ್ನು ಸುಮ್ಮನೆ ಬಸ್ಸು ಹತ್ತಿಸಿ ಕಳಿಸುವುದು ದಡ್ಡತನ ಎಂದುಕೊಂಡಳು.

ಹಾಲ್ ಖಾಲಿಯಾದಾಗ ಅವನು ಕುರ್ಚಿ ಜೋಡಿಸುತ್ತಿದ್ದ. ಅವಳು ನೇರ ಹೋಗಿ ಎದುರು ನಿಂತಳು.

"ಬೀಳಗಿಗಿ ದಿನಾ ಹೋಗಿ ಬರಾಕ ಆಗತೈತೇನ್ರಿ?"

"ಆಗತೈತ್ರಿ. ಯಾಕ್ರಿ?"

"ಹಂಗಾರ ಮನಿ ಜಮಖಂಡ್ಯಾಗ ಮಾಡೂಣು. ನಾ ಈ ಲೈಬ್ರರಿ ಬಿಡೂದಿಲ್ಲ."

ಕುರ್ಚಿ ಅವನ ಕೈಯಿಂದ ಜಾರಿತು. "ಮಾಡೂಣು ಅಂದ್ರ?"

"ನನಗ ನೀವು ಬೇಕ್ರಿ. ನೀವ ಹೇಳ್ತೀರಿ ಅಂತ ಕಾದು ಕಾದು ಸಾಕಾತು. ಅಪ್ಪಾರನ್ನ ಮಾತ್ರ ನೀವ ಕೇಳಬೇಕು."

ಕಲ್ಮೇಶನ ಮುಖ ಕೆಂಪಾಗಿ, ಆಮೇಲೆ ಅದರಲ್ಲಿ ನಗು ಮೂಡಿತು. "ನಿಮ್ಮನ್ನ ಕೇಳಾಕ ಅಂಜಿದ್ದೆ ನೋಡ್ರಿ. ಐತವಾರ ಬರ್ತೇನಿ."

"ಐತವಾರ ಯಾಕ್ರಿ? ಅಪ್ಪಾರು ಇವತ್ತ ಮನ್ಯಾಗ ಅದಾರ."

ಗೇಟಿನ ಬಳಿ ಫಸ್ಟ್ ಇಯರಿನ ಮಕ್ಕಳೆಲ್ಲ ನಿಂತಿದ್ದರು. ನೋಡಲಿ ಎಂದೇ ಅವಳು ಅವನ ಪಕ್ಕದಲ್ಲಿ ನಡೆದಳು.