ಗೆರೆ ಹಾಕಿಟ್ಟ ಲೈವ್ ಚಿತ್ರ

“ನಗಬೇಕು! ಬ್ರಷ್ ಎತ್ತುವಾಗ ನಗಬೇಕು, ಇಡುವಾಗಲೂ ನಗಬೇಕು!” ಡ್ರಾಯಿಂಗ್ ಮೇಷ್ಟ್ರು ವೇದಿಕೆಯ ಕೆಳಗಿಂದ ಕೂಗಿದರು.

ಡಬ್ಬಿ ಹಲ್ಲು ಕಿರಿದಳು. ಸದಾ ಬಣ್ಣದ ಡಬ್ಬಿ ಹಿಡಿದೇ ತಿರುಗುವವಳಿಗೆ ಕ್ಲಾಸಿನವರು ಇಟ್ಟ ಹೆಸರು ಅದು. ನಾಳೆ ಶಾಲೆಯ ವಾರ್ಷಿಕೋತ್ಸವ. ಮುಖ್ಯ ಅತಿಥಿ ಸೋಫಾದಲ್ಲಿ ಕೂತಿರುತ್ತಾರೆ. ಡಬ್ಬಿ ಎಲ್ಲರೆದುರು ಹತ್ತೇ ನಿಮಿಷದಲ್ಲಿ ಅವರ ಚಿತ್ರ ಬರೆಯಬೇಕು. ಅದೂ ಲೈವ್!

ಹತ್ತು ದಿನದಿಂದ ಮನೆಯಲ್ಲಿ ಇದೇ ಗಲಾಟೆ. ಅಮ್ಮ, ಬಣ್ಣ ಬಿದ್ದರೂ ಕಾಣದಂಥ ಫ್ರಾಕ್ ಹುಡುಕಿದರು. ಅಪ್ಪ ಮೊಬೈಲಿನಲ್ಲಿ ಟೈಮ್ ನೋಡಿ, “ಒಂಬತ್ತು ನಿಮಿಷ ಐವತ್ತು ಸೆಕೆಂಡ್! ಭೇಷ್!” ಎಂದರು. ದೊಡ್ಡ ಕಲಾವಿದರು ಆಗಾಗ ಎರಡು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚುತ್ತಾರಂತೆ. ಇದು ಮಾಮ ಹೇಳಿಕೊಟ್ಟ ವಿದ್ಯೆ. ಮಾಮ ಇದುವರೆಗೆ ಬಣ್ಣ ಬಳಿದಿರುವುದು ಗೇಟಿಗೆ ಮಾತ್ರ. ಚಿತ್ರ ಹೇಗೆ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ.

ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಬರದೆ ಏನು? ಅತಿಥಿ ಕಳಿಸಿದ ಫೋಟೋ ನೋಡಿ ಮೇಷ್ಟ್ರು ಹಾಳೆಯ ಮೇಲೆ ಮೊದಲೇ ಪೆನ್ಸಿಲ್ಲಿನಲ್ಲಿ ತೆಳುವಾಗಿ ಗೆರೆ ಹಾಕಿಡುತ್ತಿದ್ದರು. ಅದರ ಮೇಲೆ ಬ್ರಷ್ ಓಡಿಸಿದರೆ ಕೆಲಸ ಮುಗಿಯಿತು.

“ಸಾರ್, ಇದು ಮೋಸ ಅಲ್ವಾ?” ಎಂದು ಡಬ್ಬಿ ಒಮ್ಮೆ ಕೇಳಿದ್ದಳು.

“ಟಿ.ವಿ. ಅಡುಗೇಲಿ ತರಕಾರಿ ಮೊದಲೇ ಹೆಚ್ಚಿಟ್ಟಿರಲ್ವೇನಮ್ಮಾ? ಇದೂ ಹಾಗೇ. ಮುಂದಿನ ಸಾಲಿನವರಿಗೂ ಗೆರೆ ಕಾಣಲ್ಲ.”

ಕಾಣಲ್ಲ ಸರಿ, ಯಾರಾದರೂ ವೇದಿಕೆ ಹತ್ತಿ ಹತ್ತಿರ ಬಂದರೆ? ಎಲ್ಲರೆದುರು ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಿಲ್ಲಬೇಕಲ್ಲ! ನೆನೆದಾಗಲೆಲ್ಲ ಡಬ್ಬಿ ಹಾಳೆಗೆ ಅಡ್ಡವಾಗಿ ನಿಲ್ಲುತ್ತಿದ್ದಳು.

ಲೈಟು ಸರಿಯಾಗಿ ಬೀಳುತ್ತದೋ ನೋಡಲು ಮೇಷ್ಟ್ರು ಆಯಮ್ಮನನ್ನು ಕರೆದು ಸೋಫಾದಲ್ಲಿ ಕೂರಿಸಿದರು. ಅವರು ಇಷ್ಟು ವರ್ಷ ಆ ಸೋಫಾ ಒರೆಸಿದ್ದರೇ ಹೊರತು ಅದರಲ್ಲಿ ಕೂತವರಲ್ಲ. ಅಂಚಿನಲ್ಲಿ ಕೂತು, ಬೋರ್ಡಿಗೆ ಸಿಕ್ಕಿಸಿದ್ದ ಫೋಟೋ ನೋಡಿದರು.

“ಇವರು ಹೋದ ವರ್ಷಾನೂ ಬಂದಿದ್ರಲ್ಲ ಸಾರ್? ನಾನೇ ನೀರು ಕೊಟ್ಟೆ. ತಲೆ ಫಳಫಳ ಅಂತಿತ್ತು. ಇಷ್ಟು ಕೂದಲು ಯಾವಾಗ ಬಂತು?”

“ಅವರೇ ಕಳಿಸಿದ ಫೋಟೋ! ನಮಗ್ಯಾಕೆ ಊರ ಉಸಾಬರಿ?” ಎಂದರು ಮೇಷ್ಟ್ರು. ಅಷ್ಟರಲ್ಲಿ ಮೈಕು ಕಿರ್ರೆಂದಿತು. “ಡಬ್ಬಿ, ಒಣ ಬ್ರಷ್ ಆಡಿಸ್ತಿರು. ಇದು ನಾಳೆಯ ಹಾಳೆ. ಬಣ್ಣ ಮುಟ್ಟಿದ್ಯೋ, ನೋಡು!” ಎನ್ನುತ್ತಾ ಅತ್ತ ಓಡಿದರು.

ಡಬ್ಬಿ ಮುಟ್ಟಿದಳು. ಕೂದಲಿಗೆ ಮಾತ್ರ, ಸ್ವಲ್ಪವೇ ಎಂದುಕೊಂಡಳು. ಗೆರೆಯ ಮೇಲೆ ಕಪ್ಪು ಬಣ್ಣ ಸರಸರನೆ ಓಡಿತು. ಕಣ್ಣು ಬರೆಯುವಾಗ ತಲೆ ಎತ್ತಿದಳು. ಆಯಮ್ಮನ ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲಿತ್ತು. ನಗು ತಡೆದುಕೊಂಡು ಕೂತಿದ್ದರಿಂದ ಕೆನ್ನೆಯಲ್ಲಿ ಗುಳಿ ಬಿದ್ದಿತ್ತು. ದಿನಾ ನೋಡುವ ಮುಖ, ಆದರೂ ಡಬ್ಬಿ ಇದನ್ನೆಲ್ಲ ನೋಡಿಯೇ ಇರಲಿಲ್ಲ. ಬ್ರಷ್ ಗೆರೆ ಬಿಟ್ಟು ಆಚೆ ಹೋಯಿತು. ನಗಬೇಕೆಂಬುದೂ ಮರೆತುಹೋಯಿತು.

“ಅಯ್ಯಯ್ಯೋ!” ಮೈಕು ಸರಿಮಾಡಿ ಬಂದ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ನಿಂತರು. ಅತಿಥಿಯ ಗುಂಗುರು ಕ್ರಾಪಿನ ಕೆಳಗೆ ಆಯಮ್ಮನ ಮುಖ ನಗುತ್ತಿತ್ತು.

ಆಯಮ್ಮ ಎದ್ದು ಬಂದು ನೋಡಿದರು. “ನಾನೇ! ಕ್ರಾಪ್ ಬೇರೆ! ಮೂಗು ಇಷ್ಟು ದಪ್ಪ ಇದೆಯೇನೇ ಮಗಾ?”

“ಹೂಂ, ಆಯಮ್ಮ,” ಎಂದಳು ಡಬ್ಬಿ.

ಮೇಷ್ಟ್ರು ಗೊಣಗುತ್ತಾ ಹೊಸ ಹಾಳೆ ಸಿಕ್ಕಿಸಿ, ಪೆನ್ಸಿಲ್ ತೆಗೆದರು. “ಮತ್ತೆ ಮೊದಲಿಂದ ಗೆರೆ ಹಾಕ್ಬೇಕು. ನನ್ನ ಹಣೆಬರಹ!”

“ಗೆರೆ ಬೇಡ ಸಾರ್.”

“ಬೇಡ್ವಾ? ಕೆಟ್ಟುಹೋದ್ರೆ?”

“ಎಲ್ಲರ ಮುಂದೇನೇ ಕೆಡುತ್ತೆ ಸಾರ್. ಲೈವ್ ಅಲ್ವಾ?”

ಮೇಷ್ಟ್ರು ಅವಳನ್ನೇ ನೋಡಿದರು. “ಮಾಡಿದ್ದುಣ್ಣೋ ಮಹಾರಾಯ,” ಎಂದು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು.

ಡಬ್ಬಿ ಬಿಳಿ ಹಾಳೆಯ ಮುಂದೆ ನಿಂತಳು. ನಾಳೆ ಚಿತ್ರ ಹಾಳಾಗಬಹುದು. ಆದರೆ ಹಾಳೆಗೆ ಅಡ್ಡವಾಗಿ ನಿಲ್ಲಬೇಕಾಗಿಲ್ಲ. ಈಗ ಯಾರು ಬೇಕಾದರೂ ಹತ್ತಿರ ಬಂದು ನೋಡಲಿ.